ಕಂಪ್ಯೂಟರಿಗೆ ಚಳಿಯಾದೀತೆಂದು

ಜನವರಿ ೧೨, ಭಾನುವಾರ

ಗುರುವಾರ ಮನೆಗೆ ಬಂದ ಹುಡುಗಿ ಇವತ್ತು ಮೊದಲ ಸಲ ಪೂರ್ತಿ ಒಂದು ಮಾತು ಆಡಿದಳು. ಚರ್ಚಿನ ಸಭೆ ಮುಗಿಸಿಕೊಂಡು ಬಂದು ಎಲೆಕೋಸಿನ ಸಾರು ಬಡಿಸುತ್ತಿದ್ದೆ. ತಟ್ಟೆಯಿಂದ ತಲೆ ಎತ್ತದೆ, "ನಿಮ್ಮ ಕಂಪ್ಯೂಟರ್ ತಗೊಂಡು ಎಷ್ಟು ವರ್ಷ ಆಯ್ತು?" ಎಂದಳು. ಸಾರು ಹೇಗಿದೆ ಅಂತಲ್ಲ, ಹಾಸಿಗೆ ಬೆಚ್ಚಗಿತ್ತು ಅಂತಲ್ಲ.

"ಹಳೇದು. ಕೆಳಗೆ ನೆಲಮಾಳಿಗೇಲಿದೆ. ಭಾನುವಾರದ ಶಾಲೆಗೆ ಹಾಳೆ ತೆಗೀತೀನಿ, ದೂರದೂರಿನ ಮಣ್ಣು ನೋಡ್ತೀನಿ," ಎಂದೆ.

"ಏನು ಮಣ್ಣು?"

"ಸತ್ತವರನ್ನ ಮಣ್ಣು ಮಾಡೋದು. ಈಗ ಅದನ್ನೂ ತೋರಿಸ್ತಾರಲ್ಲ."

ಅವಳು ಹೈನ್ ಕಡೆ ನೋಡಿದಳು. ಹೌದು, ಇವಳು ಅಂಥವಳೇ ಎನ್ನುವಂತೆ ನನ್ನ ಗಂಡ ತಲೆಯಾಡಿಸಿದ.

ಕೈ ಎತ್ತಿದ್ದು ನಾನೇ. ಆಸರೆಯಿಲ್ಲದ ಮಕ್ಕಳಿಗೆ ಮನೆ ಬೇಕು ಎಂದು ಪಾಸ್ಟರು ಕೇಳಿದಾಗ ಹೈನ್ ಮುಖವನ್ನು ಕೂಡ ನೋಡದೆ ಎತ್ತಿಬಿಟ್ಟೆ. ನಮಗೆ ದೇವರು ಕೊಡಲಿಲ್ಲ, ಕೊಟ್ಟಿದ್ದರೆ ಇಷ್ಟು ದೊಡ್ಡವರಾಗಿರುತ್ತಿದ್ದರು ಎಂದೆಲ್ಲ ಅನ್ನಿಸಿತ್ತು. ಈಗ ಯಾರನ್ನು ಬೈಯಲಿ.

ಹೆಸರು ಟ್ಯಾನಿಸ್, ವಯಸ್ಸು ಹದಿನಾಲ್ಕು. ತಾಯಿಗೆ ಸಾಕುವ ಸ್ಥಿತಿಯಿಲ್ಲ. ತಂಗಿ ಕೆಲ್ಸಿಯನ್ನು ಉತ್ತರದ ಥಾಂಪ್ಸನ್‌ನಲ್ಲಿ ಬೇರೆಯವರ ಮನೆಗೆ ಹಾಕಿದ್ದಾರೆ. ಇಲ್ಲಿಂದ ಅಲ್ಲಿಗೆ ಒಂದು ಹಗಲು ಪೂರ್ತಿ ಗಾಡಿ ಓಡಿಸಬೇಕು. ಇವಳು ಹಿಂದಿನ ಎರಡು ಮನೆಗಳಿಂದಲೂ ಆ ಕಡೆಗೇ ಓಡಿದ್ದಾಳೆ. ಡಿಸೆಂಬರಿನಲ್ಲಿ ಒಬ್ಬ ಲಾರಿಯವನು ರಸ್ತೆ ಬದಿಯಲ್ಲಿ ಕಂಡು ಹತ್ತಿಸಿಕೊಂಡನಂತೆ. ಎರಡೂ ಕಿವಿಯ ತುದಿ ಹಿಮಕ್ಕೆ ಸುಟ್ಟು ಕಪ್ಪಗಾಗಿದೆ.

ಇವಳನ್ನು ತಂದುಬಿಟ್ಟ ಮಕ್ಕಳ ಇಲಾಖೆಯ ಡಾರ್ಲೀನ್ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟು: "ಇಲ್ಲಿಂದಲೂ ಓಡಿದ್ರೆ ಬೀಗ ಹಾಕೋ ಜಾಗಕ್ಕೇ ಕಳಿಸ್ತಾರೆ ಲೀನ. ಆಮೇಲೆ ನನ್ನ ಕೈಲೂ ಏನೂ ಇರಲ್ಲ. ಅದೂ ಅವಳು ಜೀವಂತ ಸಿಕ್ಕಿದ್ರೆ."

ಬೂಟನ್ನು ಹೊರಗಿನ ಪಡಸಾಲೆಯಲ್ಲಿ ಬಿಡು ಎಂದು ನಾಲ್ಕು ದಿನದಿಂದ ಹೇಳುತ್ತಿದ್ದೇನೆ. ಕೈಯಲ್ಲಿ ಹಿಡಿದು ಮಹಡಿಗೆ ಒಯ್ಯುತ್ತಾಳೆ, ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತಾಳೆ. ಮೆಟ್ಟಿಲೆಲ್ಲ ಕರಗಿದ ಹಿಮದ ಕೆಸರು. ಒರೆಸಿ ಒರೆಸಿ ಸಾಕಾಯಿತು.

ಜನವರಿ ೧೫, ಬುಧವಾರ

ಕೇಳಿ ಕೇಳಿ ವಿಷಯ ಹೊರಬಿತ್ತು. ಅದೊಂದು ಆಟ. ತಾಯಿಯ ಜೊತೆ ಇದ್ದಾಗ ಅಕ್ಕತಂಗಿಯರು ಅದರ ಹಳೆಯದನ್ನು ಆಡುತ್ತಿದ್ದರಂತೆ. ಒಬ್ಬರು ಇಲ್ಲಿ, ಒಬ್ಬರು ಅಲ್ಲಿ ಇದ್ದರೂ ಅದರೊಳಗೆ ಜೊತೆಯಾಗಿ ತಿರುಗಾಡಬಹುದಂತೆ.

"ಫೆಬ್ರವರಿ ಕೊನೆಗೆ ಹೊಸದು ಬರುತ್ತೆ. ಹಳೇದನ್ನ ಮುಚ್ಚಿಬಿಟ್ರು. ಮೊದಲನೇ ದಿನ ಸೇತುವೆ ಹತ್ರ ಸಿಗ್ತೀನಿ ಅಂತ ಕೆಲ್ಸಿಗೆ ಮಾತು ಕೊಟ್ಟಿದೀನಿ," ಎಂದಳು.

"ಯಾವ ಸೇತುವೆ?"

"ಆಟದೊಳಗಿಂದು."

"ಅಂದ್ರೆ ಇಲ್ಲದಿರೋ ಸೇತುವೆ."

"ಹೂಂ. ಇರೋ ಸೇತುವೆ ಹತ್ರ ಹೋಗೋಕೆ ಯಾರೂ ಬಿಡಲ್ವಲ್ಲ."

ಬಾಯಿಗೆ ಬಾಯಿ ಕೊಡುವುದರಲ್ಲಿ ಗಟ್ಟಿ. ಅದರಲ್ಲಿ ಮಾಟಮಂತ್ರ ಇದೆಯೇ ಎಂದು ಕೇಳಿದೆ.

"ಇದೆ. ನಾನೇ ಮಾಟಗಾತಿ. ಕೆಲ್ಸಿ ಕರಡಿ."

ಕರ್ತನ ಹೆಸರು ಹೇಳಿ ಉಣ್ಣುವ ಮನೆ ಇದು, ಇಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ ಎಂದೆ. "ಸರಿ," ಎಂದಳು. "ಹಾಗಾದ್ರೆ ನಡ್ಕೊಂಡು ಹೋಗ್ತೀನಿ." ಹೆದರಿಸಲು ಹೇಳಿದ್ದಲ್ಲ. ನಾಳೆ ಹಾಲು ತರುತ್ತೇನೆ ಎನ್ನುವ ಹಾಗೆ ಹೇಳಿದಳು.

ಅವಳು ಮೇಲೆ ಹೋದ ಮೇಲೆ ಹೈನ್ ಬಾಯಿ ಬಿಟ್ಟ. "ಲೀನ, ಮಾಟಗಾತಿ ಆದ್ರೂ ಆಗ್ಲಿ, ಕರಡಿ ಆದ್ರೂ ಆಗ್ಲಿ, ಮನೆಯೊಳಗಿರ್ಲಿ. ಹೊರಗೆ ಮೈನಸ್ ಮೂವತ್ತು."

ಜನವರಿ ೧೮, ಶನಿವಾರ

ಅಕ್ಕತಂಗಿಯರಿಗೆ ಫೋನಿನ ದಿನ. ದೊಡ್ಡವರು ಪಕ್ಕದಲ್ಲಿರಬೇಕು ಎಂಬುದು ಇಲಾಖೆಯ ನಿಯಮ. ನಾನು ಬಟ್ಟೆ ಮಡಿಸುತ್ತ ಕುಳಿತಿದ್ದೆ.

"ಕೆಲ್ಸಿ."

ಆ ಕಡೆಯಿಂದ ಉಸಿರು.

"ಊಟ ಆಯ್ತಾ?"

ಉಸಿರು.

"ಶಾಲೆಗೆ ಹೋಗ್ತಿದೀಯಾ?"

"ಹೂಂ."

ಇಷ್ಟೇ. ಇಷ್ಟಕ್ಕೆ ಹೊತ್ತು ಮುಗಿಯಿತು. ಫೋನಿಟ್ಟು ನನ್ನ ಮೇಲೆ ಹಾಯ್ದಳು: "ಹಿಂಗೆ ಕೂರಿಸಿ ಮಾತಾಡು ಅಂದ್ರೆ ಅವಳಿಗೆ ಆಗಲ್ಲ. ಆಡ್ತಾ ಇದ್ರೆ ಅವಳಾಗೇ ಮಾತಾಡ್ತಾಳೆ. ನಿಲ್ಲಿಸೋದೇ ಇಲ್ಲ."

ನಾನೇನು ಮಾಡಿದೆ, ಬಟ್ಟೆ ಮಡಿಸುತ್ತಿದ್ದೆ. ಆದರೆ ಆಮೇಲೆ ಯೋಚನೆ ಬಂತು. ನಾದಿನಿ ನೆಟ್ಟಿಯೂ ನಾನೂ ಎದುರುಬದುರು ಕಾಫಿ ಹಿಡಿದು ಕುಳಿತರೆ ಹವಾಮಾನ ಬಿಟ್ಟು ಬೇರೆ ಮಾತಿಲ್ಲ. ಅದೇ ಕಡುಬಿನ ಅಂಚು ಒತ್ತಲು ಕುಳಿತರೆ ಅವಳ ಗರ್ಭ ಇಳಿದದ್ದು, ನನಗೆ ನಿಲ್ಲದೇ ಹೋದದ್ದು, ಎಲ್ಲ ಹೊರಗೆ ಬಂದಿದೆ. ಕೈಗೆ ಕೆಲಸ ಬೇಕು.

ಕಡುಬು ಒತ್ತಲು ಮಾಟ ಬೇಕಿಲ್ಲ, ಅದು ಬೇರೆ ಮಾತು.

ಜನವರಿ ೨೧, ಮಂಗಳವಾರ

ನಮ್ಮ ಕಂಪ್ಯೂಟರಿಗೆ ಆ ಆಟ ಹೊರಲು ಶಕ್ತಿಯಿದೆಯೇ ಎಂದು ನೋಡುವ ಒಂದು ಪರೀಕ್ಷೆ ಇದೆಯಂತೆ. ಮಾಡಿದಳು. ಮೇಲಿನಿಂದ ಕೆಳಗಿನವರೆಗೆ ಕೆಂಪು ಗುರುತು. ಒಂದೇ ಒಂದು ಹಸಿರು, ಅದು ಪರದೆಗೆ. ಮೆಮೊರಿ ಸಾಲದು, ಡಿಸ್ಕು ನಿಧಾನ, ಚಿತ್ರ ಬಿಡಿಸುವ ಕಾರ್ಡು ಇಲ್ಲವೇ ಇಲ್ಲ, ಕಾರ್ಡು ಹಾಕಿದರೆ ಅದಕ್ಕೆ ಕರೆಂಟು ಕೊಡುವ ಡಬ್ಬಿ ಸಾಲದು.

ನೆಟ್ಟಿ ವಿಂಕ್ಲರ್‌ನ ಸಹಕಾರಿ ಅಂಗಡಿಯಲ್ಲಿ ಕೌಂಟರಿನ ಕೆಲಸ ಮಾಡುತ್ತಾಳೆ. ಅಲ್ಲಿಗೆ ಹೋಗಿ ಮೆಮೊರಿ ತರಿಸಿಕೊಡುತ್ತೀಯಾ ಎಂದು ಕೇಳಿದೆ.

"ಅದನ್ನೂ ಹಾಕಿಸಿಕೊಳ್ಳೋಕೆ ಬರುತ್ತಾ ಅತ್ತಿಗೆ? ಹಾಗಾದ್ರೆ ಎರಡು ತಗೋ. ಒಂದನ್ನ ನಮ್ಮಣ್ಣನಿಗೆ ಹಾಕಿಸು. ಮೊನ್ನೆ ನನ್ನ ಹುಟ್ಟುಹಬ್ಬ ಮರೆತಿದಾನೆ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಯಾರಿಗೆ ಏಕೆ ಬೇಕು ಎಂದು ನಾನು ಹೇಳಲಿಲ್ಲ.

ಜನವರಿ ೨೫, ಶನಿವಾರ

ಕಾರ್ಡು ಸಿಕ್ಕಿತು. ಮಾರ್ಡನ್‌ನ ಒಬ್ಬ ಗಡ್ಡದವನು ಹೊಸದನ್ನು ಕೊಂಡು ಹಳೆಯದನ್ನು ಮಾರುತ್ತಿದ್ದ. ಪೆಟ್ರೋಲ್ ಬಂಕಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಮಾತಾಡಿದೆವು. ಅವನ ಹೆಂಡತಿ ಕಿಟಕಿ ಇಳಿಸಿ, "ನೀವು ಕೌದಿ ಹೊಲಿಯೋ ಲೀನ ಅಲ್ವಾ?" ಎಂದಳು. ಹಿಂದಿನ ಸೀಟಿನ ಮೇಲೆ ಕೌದಿ ಇತ್ತು, ಸಭೆಯ ಹರಾಜಿಗೆಂದು ಎರಡು ಚಳಿಗಾಲ ಕೂತು ಹೊಲಿದದ್ದು. ಹಸಿದ ದೇಶಗಳಿಗೆ ಗೋಧಿ ಕಳಿಸಲು ನಡೆಸುವ ಹರಾಜು ಅದು. ಅವಳ ಕಣ್ಣು ಅದರ ಮೇಲೆ ಬಿತ್ತು, ಕಾರ್ಡಿಗೆ ಬದಲು ಅದನ್ನೇ ಕೇಳಿದಳು. ನಾನು ಇಲ್ಲ ಎನ್ನಬೇಕಿತ್ತು.

ಹಸಿದವರಿಗೆ ಹೋಗಬೇಕಾದದ್ದು ಮಾಟಗಾತಿಗೆ ಹೋಯಿತು. ಹೊಲಿಗೆಯ ಗುಂಪಿನವರು ಕೇಳಿದರೆ ಏನು ಹೇಳಲಿ. ದಾರಿಯುದ್ದಕ್ಕೂ ಕರ್ತನೊಡನೆ ವಾದ ಮಾಡುತ್ತ ಬಂದೆ.

ಹುಡುಗಿಗೆ ಕಾರ್ಡು ಕೊಟ್ಟೆ. ತಿರುಗಿಸಿ ನೋಡಿದಳು. "ಇದು ಪರವಾಗಿಲ್ಲ," ಎಂದಳು. ಪರವಾಗಿಲ್ಲವಂತೆ.

ಜನವರಿ ೩೦, ಗುರುವಾರ

ಕಾರ್ಡು ಪೆಟ್ಟಿಗೆಯೊಳಗೆ ಹಿಡಿಸುವುದಿಲ್ಲ. ಉದ್ದ. ಹೈನ್ ತಗಡು ಕತ್ತರಿಸುವ ಕತ್ತರಿ ತಂದು ಒಳಗಿನ ಒಂದು ಚೌಕಟ್ಟನ್ನೇ ಕತ್ತರಿಸಿ ಹಾಕಿದ. "ಅದು ಬೇಕಾಗಿತ್ತಾ?" ಎಂದು ಹುಡುಗಿ ಕೇಳಿದಳು. "ಈಗಂತೂ ಬೇಡ," ಎಂದ.

ನೆಟ್ಟಿ ತರಿಸಿಕೊಟ್ಟ ಮೆಮೊರಿ, ಹೊಸ ಡಿಸ್ಕು, ಕರೆಂಟಿನ ಡಬ್ಬಿ ಎಲ್ಲ ಸೇರಿಸಿ ಹಚ್ಚಿದರೆ ಪರದೆ ಕಪ್ಪು. ಬಿಚ್ಚಿ ಜೋಡಿಸಿದರು, ಕಪ್ಪು. ಊಟ ತಣ್ಣಗಾಯಿತು. ಮತ್ತೆ ಬಿಚ್ಚಿದರು. ಇಬ್ಬರೂ ನನ್ನ ಮೇಲೆ ರೇಗಿದರು, ದೀಪ ಸರಿಯಾಗಿ ಹಿಡಿಯಲಿಲ್ಲವಂತೆ.

ಜನವರಿ ೩೧, ಶುಕ್ರವಾರ

ಪರದೆಯ ತಂತಿಯನ್ನು ಹಳೆಯ ಕಿಂಡಿಗೇ ಚುಚ್ಚಿದ್ದರು. ಹೊಸ ಕಾರ್ಡಿಗೆ ಅದರದೇ ಕಿಂಡಿ ಇದೆ. ಧೂಳು ಒರೆಸಲು ಹೋಗಿ ಕಂಡದ್ದು ನಾನು. ಯಾರೂ ಅದರ ಮಾತೆತ್ತಲಿಲ್ಲ.

ಫೆಬ್ರವರಿ ೩, ಸೋಮವಾರ

ಪರೀಕ್ಷೆಯಲ್ಲಿ ಎಲ್ಲ ಹಸಿರು, ಒಂದು ಹಳದಿ. ಹಳದಿಯೂ ನಡೆಯುತ್ತದಂತೆ. ಆಟದವರು ಮುಂಚಿತವಾಗಿ ಒಂದು ಸಣ್ಣ ತುಣುಕು ಬಿಡುತ್ತಾರೆ, ಅದು ಓಡಿದರೆ ಪೂರ್ತಿಯದೂ ಓಡುತ್ತದೆ. ಆ ತುಣುಕು ಮುಂದಿನ ವಾರ.

ಮೆಟ್ಟಿಲ ಮೇಲೆ ಬೂಟಿನ ಕೆಸರು.

ಫೆಬ್ರವರಿ ೮, ಶನಿವಾರ

ಮೈನಸ್ ಮೂವತ್ತೆಂಟು. ಬೆಳಿಗ್ಗೆ ಕಾರಿನ ಎಂಜಿನ್ನಿಗೆ ಕರೆಂಟು ಹಚ್ಚಿ ಬಿಸಿ ಮಾಡಿಟ್ಟಿದ್ದರೂ ನರಳಿ ನರಳಿ ಹೊತ್ತಿಕೊಂಡಿತು. ಡಾರ್ಲೀನ್ ಹುಡುಗಿಯನ್ನು ಕಿವಿ ತೋರಿಸಲು ವಿನ್ನಿಪೆಗ್‌ಗೆ ಕರೆದೊಯ್ದಿದ್ದಾಳೆ, ನಾಳೆ ಬರುತ್ತಾಳೆ.

ನೆಲಮಾಳಿಗೆಗೆ ಇಳಿದು ಕಂಪ್ಯೂಟರ್ ಮುಟ್ಟಿ ನೋಡಿದೆ. ತಗಡು ಮಂಜಿನಂತೆ ತಣ್ಣಗಿತ್ತು. ಅದು ಇರುವುದು ನನ್ನ ಉಪ್ಪಿನಕಾಯಿ ಜಾಡಿಗಳ ಮೂಲೆಯಲ್ಲಿ, ಬಿಸಿಗಾಳಿ ಅಲ್ಲಿಗೆ ಬರುವುದಿಲ್ಲ. ಹಚ್ಚಿದರೆ ಪರದೆ ಬೆಳಗಲು ಬಹಳ ಹೊತ್ತು ಹಿಡಿಯಿತು.

"ಹಿಂಗಿರೋ ಚಳಿಗೆ ಯಾವ ಯಂತ್ರ ತಾನೇ ಎದ್ದು ನಿಲ್ಲುತ್ತೆ," ಎಂದ ಹೈನ್. ಊರಿನ ಬಾವಿಗಳ ಪಂಪುಗಳನ್ನೆಲ್ಲ ಚಳಿಗಾಲ ದಾಟಿಸುವವನು ಅವನೇ. ಯಂತ್ರದ ಚಳಿ ಅವನಿಗೆ ಗೊತ್ತು. ಸಂಜೆಯೊಳಗೆ ಒಂದು ಅಚ್ಚುಕಟ್ಟಾದ ಮರದ ಪೆಟ್ಟಿಗೆ ಮಾಡಿದ, ಪಂಪಿಗೆ ಮಾಡುವಂಥದೇ, ಬಾಗಿಲು ಸಮೇತ. ಕಂಪ್ಯೂಟರನ್ನು ಅದರೊಳಗೆ ಕೂರಿಸಿ, ತಂತಿಗಳನ್ನೂ ಹಚ್ಚುವ ಗುಂಡಿಯನ್ನೂ ಹಿಂದಿನಿಂದ ಹೊರಕ್ಕೆ ಬಿಟ್ಟು, ಬಿಸಿಗಾಳಿಯ ಒಲೆಯ ಪಕ್ಕಕ್ಕೆ ಸರಿಸಿದೆವು. ಬಾಗಿಲ ಮೇಲೆ ನಾನು ಟ್ಯುಲಿಪ್ ಹೂವು ಬರೆದೆ. ಕೆಂಪು ಬಣ್ಣ ಸಾಲದೆ ಒಂದು ಹೂವು ಹಳದಿಯಾಯಿತು.

ಫೆಬ್ರವರಿ ೧೦, ಸೋಮವಾರ

ಹುಡುಗಿ ಪೆಟ್ಟಿಗೆ ನೋಡಿದಳು, ಹೂವು ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. "ಚೆನ್ನಾಗಿದೆ," ಎಂದಳು. ಹೈನ್‌ಗೆ ಅಷ್ಟಕ್ಕೇ ರಾಜ್ಯ ಸಿಕ್ಕಿದ ಹಾಗಾಯಿತು.

ಫೆಬ್ರವರಿ ೧೨, ಬುಧವಾರ

ತುಣುಕು ಬಂತು. ಹಾಕಿದಳು. ಹಿಮದ ಬೆಟ್ಟ, ಹಕ್ಕಿಗಳು, ಅವಳ ಮಾಟಗಾತಿ ನೀಲಿ ಟೋಪಿ ಹಾಕಿಕೊಂಡು ನಿಂತಿದ್ದಳು. ನಾನೂ ಹಿಂದೆ ನಿಂತು ನೋಡಿದೆ. ಕೆಟ್ಟದ್ದೇನೂ ಕಾಣಲಿಲ್ಲ, ಟೋಪಿ ನೇಯ್ದ ಉಣ್ಣೆಯಂತೆಯೇ ಇತ್ತು. ಒಂದು ಕಾಫಿ ಕುಡಿಯುವಷ್ಟು ಹೊತ್ತು ಚೆನ್ನಾಗಿ ಓಡಿತು. ಆಮೇಲೆ ಚಿತ್ರ ತಡವರಿಸಿತು, ಪಟ್ಟೆಂದು ಇಡೀ ಕಂಪ್ಯೂಟರೇ ಆರಿಹೋಯಿತು.

ಮತ್ತೆ ಹಚ್ಚಿದಳು, ಮತ್ತೆ ಆರಿತು. ಮೂರನೆಯ ಸಲ ಬೆಟ್ಟ ಕಾಣುವ ಮೊದಲೇ.

"ಚಳಿ ಇನ್ನೂ ಬಿಟ್ಟಿಲ್ಲ ಅದಕ್ಕೆ," ಎಂದು ಹೈನ್ ನನ್ನ ಕಿವಿಯಲ್ಲಿ ಹೇಳಿದ. ಅವಳು ಶಾಲೆಗೆ ಹೋದ ಮೇಲೆ ಪೆಟ್ಟಿಗೆಯನ್ನು ಒಲೆಗೆ ಇನ್ನಷ್ಟು ಹತ್ತಿರ ಮಾಡುತ್ತೇನೆ ಎಂದ.

ಫೆಬ್ರವರಿ ೧೬, ಭಾನುವಾರ

ಇವತ್ತು ಫಾಸ್ಪಕ್ಕೆ, ಭಾನುವಾರ ಮಧ್ಯಾಹ್ನದ ತಿಂಡಿಗೆ, ನೆಟ್ಟಿ ಬಂದಿದ್ದಳು. ಜೋಡಿಬನ್ನು, ಜಾಮು, ತಣ್ಣನೆಯ ಮಾಂಸ ಎಲ್ಲ ಮೇಜಿನ ಮೇಲಿಟ್ಟು ಪ್ರಾರ್ಥನೆ ಮಾಡಿ ಇನ್ನೇನು ಬಾಯಿಗಿಡಬೇಕು, ಶುರು ಮಾಡಿದಳು.

"ಅತ್ತಿಗೆ, ಕೌದಿ ಎಲ್ಲಿ ಅಂತ ಹೆಂಗಸರೆಲ್ಲ ಕೇಳ್ತಿದಾರೆ. ಮಾರ್ಡನ್‌ನಲ್ಲಿ ಯಾರದೋ ಮಂಚದ ಮೇಲಿದೆಯಂತೆ."

"ಹೌದು, ಇದೆ."

"ಮಾಟದ ಆಟಕ್ಕೆ ಕೊಟ್ಟೆಯಂತೆ."

"ಹುಡುಗಿಗೆ ಕೊಟ್ಟೆ."

"ಇವತ್ತಿದ್ದು ನಾಳೆ ಓಡಿಹೋಗೋ ಹುಡುಗಿಗೆ."

ಹುಡುಗಿ ಎದುರಿಗೇ ಕುಳಿತಿದ್ದಳು, ಬನ್ನಿನ ಮೇಲಿನ ತುಂಡನ್ನು ಕೆಳಗಿನದರಿಂದ ಬಿಡಿಸುತ್ತ. ನನಗೆ ಏನಾಯಿತೋ ಗೊತ್ತಿಲ್ಲ. "ನೆಟ್ಟಿ, ನಿನ್ನ ತಟ್ಟೆ ತಗೊಂಡು ಬೇಕಾದ್ರೆ ಪಡಸಾಲೇಲಿ ಕೂತು ತಿನ್ನು," ಎಂದುಬಿಟ್ಟೆ. ಮೂವತ್ತು ವರ್ಷದಲ್ಲಿ ನಾದಿನಿಗೆ ಅಂಥ ಮಾತಾಡಿಲ್ಲ. ಅವಳು ಎದ್ದು ಹೋಗಲಿಲ್ಲ, ಇನ್ನೊಂದು ಬನ್ನು ತೆಗೆದುಕೊಂಡಳು.

ನಾಳೆ ಕ್ಷಮೆ ಕೇಳಬೇಕು. ಕೌದಿಯ ವಿಷಯಕ್ಕಲ್ಲ, ತಟ್ಟೆಯ ವಿಷಯಕ್ಕೆ.

ಕಂಪ್ಯೂಟರ್ ಇವತ್ತೂ ಆರಿತು.

ಫೆಬ್ರವರಿ ೧೯, ಬುಧವಾರ

"ಇದು ಆಗಲ್ಲ, ಬಿಡಿ," ಎಂದಳು ಟ್ಯಾನಿಸ್. ಕೋಪವಿಲ್ಲ, ಏನೂ ಇಲ್ಲ. ಕೋಪ ಇದ್ದಿದ್ದರೆ ನನಗೆ ಧೈರ್ಯವಿರುತ್ತಿತ್ತು. ಎರಡು ದಿನದಿಂದ ಕೆಳಗೆ ಇಳಿಯುತ್ತಲೂ ಇಲ್ಲ.

ಊಟದ ಹೊತ್ತಿನಲ್ಲಿ ಹೈನ್‌ನನ್ನು ಕೇಳಿದಳು: "ಉತ್ತರಕ್ಕೆ ಹೋಗೋ ಲಾರಿಗಳು ಯಾವ ಬಂಕಲ್ಲಿ ನಿಲ್ತಾವೆ?"

ಹೈನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಈಗ ಯಾವುದೂ ನಿಲ್ಲಲ್ಲ. ಹೊಸ ರಸ್ತೆಯಾದ ಮೇಲೆ ಎಲ್ಲಾ ಆ ಕಡೆ ಸುತ್ತಿ ಹೋಗ್ತಾವೆ," ಎಂದ.

ಹೊಸ ರಸ್ತೆ ಯಾವುದೂ ಇಲ್ಲ. ನನ್ನ ಗಂಡ ಊಟದ ಮೇಜಿನಲ್ಲಿ ಕೂತು ಸುಳ್ಳು ಹೇಳಿದ್ದನ್ನು ಇದೇ ಮೊದಲು ಕೇಳಿದ್ದು. ನಾನು ಅವನಿಗೆ ಇನ್ನೊಂದು ತುಂಡು ಮಾಂಸ ಬಡಿಸಿದೆ.

ಯಂತ್ರಕ್ಕಾಗಿ ಪ್ರಾರ್ಥಿಸುವುದು ಮೂರ್ಖತನ. ಮೊಣಕಾಲೂರಿದಾಗ ಬಾಯಿಗೆ ಬಂದದ್ದು ಮಾತ್ರ ಅದೇ: ಕರ್ತನೇ, ಆ ದರಿದ್ರ ಪೆಟ್ಟಿಗೆ ಒಂದು ದಿನ ಓಡಲಿ. ಆಮೇಲೆ ಬೇಕಾದರೆ ಸಿಡಿದು ಹೋಗಲಿ.

ಫೆಬ್ರವರಿ ೨೨, ಶನಿವಾರ

ಬೆಳಿಗ್ಗೆ ಉಪ್ಪಿನಕಾಯಿ ಜಾಡಿ ತರಲು ಟ್ಯಾನಿಸ್‌ಳನ್ನು ಕೆಳಗೆ ಕಳಿಸಿದೆ. ಬಹಳ ಹೊತ್ತಾದರೂ ಬರಲಿಲ್ಲ. ಇಳಿದು ನೋಡಿದರೆ ಹೂವಿನ ಬಾಗಿಲಿಗೆ ಅಂಗೈ ಒತ್ತಿಕೊಂಡು ನಿಂತಿದ್ದಾಳೆ. ಹೈನ್ ಅಲ್ಲೇ ಮೊಳೆಗಳನ್ನು ಬೇರೆ ಮಾಡುತ್ತಿದ್ದ.

"ಇದ್ಯಾಕೆ ಹಿಂಗೆ ಸುಡ್ತಿದೆ?" ಎಂದು ಕೇಳಿದಳು.

"ಸುಡ್ಬೇಕಲ್ಲ ಮತ್ತೆ," ಎಂದ ಹೈನ್. "ಒಳಗೆ ಥರ್ಮಾಕೋಲು ಇದೆ. ಎರಡು ಪದರ."

"ಥರ್ಮಾಕೋಲು."

"ಬಲ್ಬೂ ಇದೆ."

"ಯಾವ ಬಲ್ಬು?"

"ಹಳೇ ಬಿಸಿ ಬಲ್ಬು. ಪಂಪಿನ ಮನೆಗೆ ಹಾಕೋದು. ಈಗ ಅಂ‌ಗಡೀಲಿ ಸಿಗಲ್ಲ ಅಂತ ಕೂಡಿಟ್ಟಿದ್ದೆ. ನಿನ್ನ ಕಂಪ್ಯೂಟರ್‌ಗೆ ಅಂತ ಒಳ್ಳೇದೇ ಹಾಕಿದೀನಿ."

ಅವಳು ಬಾಗಿಲು ತೆರೆದಳು. ರೊಟ್ಟಿ ಸುಡುವ ಒಲೆಯ ಬಾಯಿ ತೆರೆದ ಹಾಗೆ ಮುಖಕ್ಕೆ ಹೊಡೆಯಿತು. ಕಂಪ್ಯೂಟರಿನ ಪಕ್ಕದಲ್ಲಿ ಬಲ್ಬು ಮೊಟ್ಟೆ ಮರಿ ಮಾಡಿಸುವ ಹಾಗೆ ಉರಿಯುತ್ತಿತ್ತು.

"ಇದು ಎಷ್ಟು ದಿನದಿಂದ ಉರೀತಿದೆ?"

"ಮಾಡಿದ ದಿನದಿಂದ. ಆರಿಸೇ ಇಲ್ಲ. ಭಾನುವಾರ ಕೂಡ," ಎಂದೆ ನಾನು.

ಅವಳು ನೆಲದ ಮೇಲೆ ಕುಸಿದು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಭುಜ ಅಲುಗತೊಡಗಿತು. ಮುಗಿಯಿತು, ಇನ್ನು ಬೂಟು ಹಾಕಿಕೊಂಡು ಹೊರಟಳು ಎಂದುಕೊಂಡು ನಾನು ಮೆಟ್ಟಿಲಿಗೆ ಅಡ್ಡ ನಿಂತೆ. ತಲೆ ಎತ್ತಿದಾಗ ನೋಡಿದರೆ ನಗುತ್ತಿದ್ದಾಳೆ. ಉಸಿರು ಸಿಗದಷ್ಟು.

"ಅದು ಸೆಖೆಗೆ ಸಾಯ್ತಿದೆ. ಓಡುವಾಗ ಅದೇ ಬಿಸಿಯಾಗುತ್ತೆ. ಒಳಗಿರೋ ಫ್ಯಾನೆಲ್ಲ ಅದನ್ನ ತಣ್ಣಗಿಡೋಕೇ ಇರೋದು. ನೀವು ಅದಕ್ಕೆ ಥರ್ಮಾಕೋಲು ಸುತ್ತಿದೀರ. ಬಲ್ಬು ಇಟ್ಟಿದೀರ."

"ನೀನು ಮೊದಲೇ ಯಾಕೆ ತೆಗೆದು ನೋಡ್ಲಿಲ್ಲ?" ಎಂದೆ. ತಪ್ಪೆಲ್ಲ ನಮ್ಮ ತಲೆಗೇ ಏಕೆ.

"ಸುಮ್ನೆ ಬೀರು ಅಂದ್ಕೊಂಡೆ. ಇಷ್ಟು ಚೆಂದ ಹೂವು ಬೇರೆ ಬರೆದಿದೀರ, ಏನಾದ್ರೂ ಅಂದ್ರೆ ಬೇಜಾರಾಗ್ತೀರ ಅಂತ."

ಹೈನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಮ್ಮ ಕಡೆ ಯಾವುದು ನಿಂತುಹೋದ್ರೂ ಮೊದಲು ಬೆಚ್ಚಗೆ ಮಾಡ್ತೀವಮ್ಮ. ಕಾರು, ಪಂಪು, ಕರು. ನಮಗೆ ಗೊತ್ತಿರೋದು ಅದೇ."

ಅದಕ್ಕೆ ಅವಳು ನಗುವುದನ್ನು ನಿಲ್ಲಿಸಿದಳು. ಆಮೇಲೆ ಇಬ್ಬರೂ ಸೇರಿ ಕಂಪ್ಯೂಟರನ್ನು ಎತ್ತಿ ಜಾಡಿಗಳ ಮೂಲೆಗೆ, ಅದು ಮೊದಲಿದ್ದ ತಣ್ಣನೆಯ ಜಾಗಕ್ಕೇ ತಂದಿಟ್ಟು, ಪಕ್ಕದ ತಗಡನ್ನು ಬಿಚ್ಚಿದರು. ತುಣುಕು ಹಚ್ಚಿದಳು. ಬೆಟ್ಟ ದಾಟಿತು, ಕಾಡು ದಾಟಿತು, ಮಧ್ಯಾಹ್ನವಾದರೂ ಆರಲಿಲ್ಲ.

ಅಷ್ಟು ದಿನದ ಪ್ರಾರ್ಥನೆ, ಅಷ್ಟು ದಿನದ ಸಂಕಟ, ಎಲ್ಲ ಒಂದು ಬಲ್ಬಿಗೆ. ಹೇಳಿಕೊಳ್ಳಲೂ ನಾಚಿಕೆ. ನೆಟ್ಟಿಗೆ ತಿಳಿಯಬಾರದು.

ಫೆಬ್ರವರಿ ೨೫, ಮಂಗಳವಾರ

ಈಗ ಹೊಸ ರಗಳೆ. ಪೂರ್ತಿ ಆಟವನ್ನು ಇಳಿಸಿಕೊಳ್ಳಬೇಕು. ನಮ್ಮ ಹಳ್ಳಿಯ ಇಂಟರ್ನೆಟ್ಟು ಎತ್ತಿನ ಗಾಡಿ. ಬೇರೆ ಯಾರೂ ಮುಟ್ಟದಿದ್ದರೆ ಮಾತ್ರ ಶುಕ್ರವಾರದೊಳಗೆ ಮುಗಿಯುತ್ತದಂತೆ. ಹೈನ್ ಹವಾಮಾನ ನೋಡುವ ಹಾಗಿಲ್ಲ, ಬಾಗಿಲು ತೆರೆದು ಮೂಗು ಹೊರಗಿಟ್ಟು ನೋಡುತ್ತಾನೆ.

ಇವತ್ತು ಪರಾಗ್ವೆಯಲ್ಲಿ ಮಾರೀಕೆ ಚಿಕ್ಕಮ್ಮನ ಮಣ್ಣು ಇತ್ತು. ನನ್ನನ್ನು ಎತ್ತಿ ಆಡಿಸಿದವಳು. ಹಚ್ಚಿ ನೋಡಬೇಕೆಂದು ಕಪ್ಪು ಬಟ್ಟೆ ಹಾಕಿಕೊಂಡು ಕೆಳಗಿಳಿದೆ. ಪರದೆಯ ಮೇಲೆ ಪಟ್ಟಿ ಅರ್ಧಕ್ಕೂ ಬಂದಿರಲಿಲ್ಲ.

ಟ್ಯಾನಿಸ್ ಶಾಲೆಯಿಂದ ಬಂದವಳು ನನ್ನ ಬಟ್ಟೆ ನೋಡಿದಳು. "ನಿಲ್ಲಿಸ್ತೀನಿ, ನೀವು ನೋಡ್ಕೊಳ್ಳಿ," ಎಂದಳು.

"ಬೇಡ. ಚಿಕ್ಕಮ್ಮ ಎಲ್ಲೂ ಓಡಿಹೋಗಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ತುಟಿ ಬಿಗಿಹಿಡಿದು ನಗು ತಡೆದಳು. ಅಡುಗೆಮನೆಯಲ್ಲಿ ನಿಂತು ಚಿಕ್ಕಮ್ಮನಿಗೆ ಇಷ್ಟವಾದ ಒಂದು ಹಾಡು ಹೇಳಿದೆ. ಅವಳು ಹೋಗದೆ ಮುಗಿಯುವವರೆಗೂ ನಿಂತಿದ್ದಳು.

ಫೆಬ್ರವರಿ ೨೭, ಗುರುವಾರ

ಮೈಯೆಲ್ಲ ಉರಿ. ಪಡಸಾಲೆಯಲ್ಲಿ ಬೂಟು ಬಿದ್ದಿತ್ತು, ಬಾಗಿಲಿಗೆ ಅಡ್ಡ, ಎಡವಿ ಬೀಳಬೇಕಿತ್ತು. ಟ್ಯಾನಿಸ್‌ಳದು. ಗೋಡೆಗೆ ಒತ್ತಿ ಇಡಬಾರದೇ. ಕೂಗಿ ಹೇಳಿದೆ. "ಹೂಂ ಹೂಂ," ಎಂದಳು ಕೆಳಗಿನಿಂದ.

ಪಟ್ಟಿ ಇನ್ನೂ ತುಂಬಿಲ್ಲ. ಹೊರಗೆ ಗಾಳಿ ಎದ್ದಿದೆ. ಗಾಳಿ ಎದ್ದರೆ ಇಂಟರ್ನೆಟ್ಟು ಹೋಗುತ್ತದೆ. ಮೂವರೂ ಸರದಿಯಲ್ಲಿ ಇಳಿದು ನೋಡಿ ಬರುತ್ತಿದ್ದೇವೆ, ಹೆರಿಗೆಗೆ ಬಂದ ಹಸುವನ್ನು ನೋಡಿದ ಹಾಗೆ.

ಫೆಬ್ರವರಿ ೨೮, ಶುಕ್ರವಾರ

ಬೆಳಿಗ್ಗೆ ಪಟ್ಟಿ ತುಂಬಿತು. ಅವಳು ಶಾಲೆಗೆ ಹೊರಡುವ ಮೊದಲು ಮೂರು ಸಲ ಹೇಳಿದಳು, ಮುಟ್ಟಬೇಡಿ, ಬೆಚ್ಚಗೆ ಮಾಡಬೇಡಿ. ನಾವೇನು ಮಕ್ಕಳೇ.

ಸಂಜೆ ಬಂದವಳೇ ಕೆಳಗಿಳಿದಳು. ನಾನು ಅಡುಗೆಮನೆಯಲ್ಲಿ ಗಿಣ್ಣಿನ ಕಡುಬಿಗೆ ಹಿಟ್ಟು ಲಟ್ಟಿಸಿಕೊಂಡು ಕುಳಿತೆ. ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿಯಿದೆ. ಕೆಳಗೆ ಆಡಿದ್ದೆಲ್ಲ ಮೇಲೆ ಕೇಳುತ್ತದೆ. ಕದ್ದು ಕೇಳಬೇಕೆಂದಲ್ಲ, ಕಡುಬನ್ನು ಯಾವಾಗಲೂ ಅಲ್ಲೇ ಒತ್ತುವುದು. ಅವಳು ಕಿವಿಗೆ ಹಾಕಿಕೊಂಡಿದ್ದರಿಂದ ತಂಗಿಯ ಮಾತು ಕೇಳಲಿಲ್ಲ, ಇವಳದು ಮಾತ್ರ.

ಬಹಳ ಹೊತ್ತು ಸದ್ದಿಲ್ಲ. ಒಂದು ಸಾಲು ಕಡುಬು ಮುಗಿಯಿತು. ಮತ್ತೆ ಆರಿತೋ ಏನೋ. ಆ ಹುಡುಗಿಯನ್ನು ಆ ಕಡೆಯವರು ಕೂರಿಸಲಿಲ್ಲವೋ ಏನೋ. ಹೈನ್ ಬಂದು ಜಾಲರಿಯ ಪಕ್ಕ ನಿಂತ, ಸಭೆಯಲ್ಲಿ ನಿಂತ ಹಾಗೆ ಟೋಪಿ ಕೈಯಲ್ಲಿ ಹಿಡಿದು.

"ಎಲ್ಲಿದೀಯ?" ಎಂದಿತು ಕೆಳಗಿನ ಧ್ವನಿ. "ಇಲ್ಲ, ನಾನು ಸೇತುವೆ ಮೇಲೇ ಇದೀನಿ. ನೀಲಿ ಟೋಪಿ. ಅಲ್ಲ, ಆ ಕರಡಿ ನೀನಲ್ಲ, ಅದು ಯಾರೋ ಬೇರೆ ಕರಡಿ. ಈ ಕಡೆ ತಿರುಗು. ಇನ್ನೂ ತಿರುಗು."

ಆಮೇಲೆ ಒಂದು ಸದ್ದು. ಈ ಮನೆಯಲ್ಲಿ ಇದುವರೆಗೆ ಕೇಳದ್ದು.

"ಬಂದೆ ಅಂದ್ನಲ್ಲ. ಕೆಲ್ಸಿ, ಅಳ್ಬೇಡ. ಅಳ್ತಾ ಓಡಿದ್ರೆ ನೀರಿಗೆ ಬೀಳ್ತೀಯ. ನೋಡು, ಬಿದ್ದೆ. ಇರು, ಬರ್ತೀನಿ. ಕರಡಿಗೆ ಈಜೋಕೆ ಬರುತ್ತೆ ಕಣೇ, ಒದ್ದಾಡ್ಬೇಡ."

ಅಲ್ಲಿಂದ ಮುಂದೆ ಮಾತೋ ಮಾತು. ಫೋನಿನಲ್ಲಿ ಉಸಿರು ಮಾತ್ರ ಬಿಡುತ್ತಿದ್ದವಳು ಆ ಕಡೆ ಏನೇನು ಹೇಳುತ್ತಿದ್ದಳೋ, ಇವಳಿಗೆ ಹೂಂಗುಟ್ಟಲೂ ಬಿಡುವಿಲ್ಲ. ಯಾವುದೋ ಹಲ್ಲು ಬಿದ್ದದ್ದು, ಯಾವುದೋ ಟೀಚರು, ಆ ಮನೆಯ ನಾಯಿ. ನಾನು ಒತ್ತಿದ್ದೇ ಒತ್ತಿದ್ದು. ಮೂವರಿಗೆ ಅಷ್ಟು ಕಡುಬು ಯಾರು ತಿನ್ನುತ್ತಾರೆ.

ನೀರು ಕುದಿಯುವ ಹೊತ್ತಿಗೆ ಧ್ವನಿ ತಗ್ಗಿತು. ನಾನು ಒಲೆ ಸಣ್ಣಗೆ ಮಾಡಿದೆ.

"ಇಲ್ಲ ಕಣೇ. ಈ ವಾರ ಬರಲ್ಲ... ಮುಂದಿನ ವಾರವೂ ಇಲ್ಲ... ಬೇಡ ಅಂತಲ್ಲ. ನಡ್ಕೊಂಡು ಬಂದ್ರೆ ದಾರೀಲೇ ಹಿಡೀತಾರೆ, ಆಮೇಲೆ ನಿನಗೆ ನಾನು ಎಲ್ಲೂ ಸಿಗಲ್ಲ. ಇಲ್ಲಾದ್ರೆ ನಾಳೆನೂ ಸಿಗ್ತೀನಿ. ನಾಡಿದ್ದೂ. ಡಾರ್ಲೀನ್‌ಗೆ ಹೇಳಿ ಬೇಸಿಗೇಲಿ ನಿನ್ನನ್ನೇ ಇಲ್ಲಿಗೆ ಕರೆಸ್ಕೋಬೇಕು. ಕೇಳ್ತೀನಿ, ಇರು."

ಕೇಳಲಿ. ಬೇಸಿಗೆಯ ಮಳೆಗೆ ಮೇಲಿನ ಪೂರ್ವದ ಕೋಣೆ ಸೋರುತ್ತದೆ, ಹೈನ್ ಮೊದಲು ಅದರ ಸೂರು ನೋಡಬೇಕು. ಇನ್ನೊಂದು ಮಂಚ ನೆಟ್ಟಿಯ ಮನೆಯಲ್ಲಿದೆ. ಅವಳ ಹತ್ತಿರ ನಾನು ಇನ್ನೂ ತಟ್ಟೆಯ ವಿಷಯಕ್ಕೆ ಕ್ಷಮೆ ಕೇಳಿಲ್ಲ.

ಕಡುಬು ಬೆಂದು, ಕೆನೆಯ ಗೊಜ್ಜು ಸುರಿದು, ಊಟಕ್ಕೆ ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಮೂರನೆಯ ಸಲ ಜಾಲರಿಗೇ ಬಾಯಿಟ್ಟು ಕೂಗಿದೆ.

"ಕೆಲ್ಸಿ, ಹೋಗ್ಬೇಕು. ಈಗ ಕೂಗಿದ್ದಾ? ಅದು ನಮ್ಮ ಮುದುಕಿ... ಇಲ್ಲಪ್ಪ, ಹೊಡೆಯೋದೆಲ್ಲ ಇಲ್ಲ. ಊಟ ಆರಿಹೋಗುತ್ತೆ ಅಂತ ಒದ್ದಾಡ್ತಾಳೆ, ಅಷ್ಟೇ."

ಮುದುಕಿಯಂತೆ. ನನಗೆ ಐವತ್ತು. ಅರವತ್ತಾದ ನೆಟ್ಟಿಯನ್ನೂ ಯಾರೂ ಹಾಗೆ ಅಂದದ್ದಿಲ್ಲ. ಹೈನ್ ಗೋಡೆಯ ಕಡೆ ತಿರುಗಿಕೊಂಡು ನಗುತ್ತಿದ್ದ, ಕಣ್ಣು ಬೇರೆ ಒರೆಸಿಕೊಂಡ. ಈರುಳ್ಳಿ ಹೆಚ್ಚಿದ್ದು ನಾನು, ಅವನಿಗೇನು ಬಂತೋ. ಅವಳು ಮೇಲೆ ಬಂದು ಏನೂ ಆಗದವಳ ಹಾಗೆ ಕುಳಿತು ಹತ್ತು ಕಡುಬು ತಿಂದಳು.

ಹಿರಿಯರನ್ನು ಹಾಗೆಲ್ಲ ಕರೆಯಬಾರದೆಂದು ನಾಳೆ ಬೆಳಿಗ್ಗೆಯೇ ಹೇಳಿಬಿಡಬೇಕು. ನಾಳೆ ಶನಿವಾರ. ಶನಿವಾರ ಅವಳು ಬೆಳಿಗ್ಗೆ ಏಳುವುದಿಲ್ಲ. ಮಧ್ಯಾಹ್ನ ಹೇಳುತ್ತೇನೆ.